ಎಂಜಿನ್ನಿನ ಒಳಗಿನ ಕೊಳೆ: ಸೀಮೆಎಣ್ಣೆಯಿಂದ ಡಿಟರ್ಜೆಂಟಿನವರೆಗೆ

ಕಾರಿನ ಎಂಜಿನ್ನಿನೊಳಗೆ ಕೊಳೆ ಮೂರು ಕಡೆ ಸೇರುತ್ತದೆ. ಇಂಧನ ಉರಿಯುವ ಮೇಲ್ಭಾಗದಲ್ಲಿ, ಪಿಸ್ಟನ್ನಿನ ತಲೆ, ವಾಲ್ವ್ ಮತ್ತು ಪ್ಲಗ್‌ಗಳ ಮೇಲೆ ಗಟ್ಟಿ ಕಾರ್ಬನ್ ಕಟ್ಟುತ್ತದೆ. ಆಯಿಲ್ ಓಡಾಡುವ ಕೆಳಭಾಗದಲ್ಲಿ, ಸಂಪ್ ಎಂಬ ತಳದ ತೊಟ್ಟಿ ಮತ್ತು ಆಯಿಲ್ ದಾರಿಗಳಲ್ಲಿ, ಸ್ಲಡ್ಜ್ ಎಂದು ಕರೆಯುವ ಕಪ್ಪು ಅಂಟುಕೆಸರು ನಿಲ್ಲುತ್ತದೆ. ಇವೆರಡರ ನಡುವೆ, ಪಿಸ್ಟನ್ ರಿಂಗ್ ಕೂರುವ ತೋಡುಗಳಲ್ಲಿ, ಬೆಂದ ಆಯಿಲ್ ವಾರ್ನಿಷ್‌ನಂತೆ ಹಿಡಿದುಕೊಂಡು ರಿಂಗುಗಳನ್ನು ಅಲುಗಾಡದಂತೆ ಕಚ್ಚಿಸಿಬಿಡುತ್ತದೆ. ಹುಟ್ಟಿದ ರೀತಿ ಬೇರೆ, ಗುಣ ಬೇರೆ. ಹಾಗಾಗಿ ಔಷಧವೂ ಬೇರೆಯೇ ಆಗಬೇಕು. ನೂರು ವರ್ಷಗಳಿಂದ ಡಬ್ಬಿಗಳಲ್ಲಿ ಮಾರಾಟವಾಗುತ್ತಿರುವ ಎಂಜಿನ್ ಕ್ಲೀನರ್‌ಗಳ ಬಗೆಗಿನ ಬಹುಪಾಲು ಗೊಂದಲ ಹುಟ್ಟಿದ್ದು ಈ ಮೂರನ್ನೂ ಒಂದೇ ಕೊಳೆಯೆಂದು ಲೆಕ್ಕ ಹಿಡಿದದ್ದರಿಂದ.

ಮೊದಲ ಕಾರುಗಳ ಕಾಲದಲ್ಲಿ ಎಂಜಿನ್ ಆಯಿಲ್ ಎಂದರೆ ಕಚ್ಚಾ ತೈಲದಿಂದ ಬಟ್ಟಿ ಇಳಿಸಿದ ಬರಿಯ ಖನಿಜ ಎಣ್ಣೆ. ಅದರಲ್ಲಿ ಬೇರೇನೂ ಬೆರೆತಿರಲಿಲ್ಲ. ರಿಂಗುಗಳು ಈಗಿನಷ್ಟು ಬಿಗಿಯಾಗಿ ಕೂರುತ್ತಿರಲಿಲ್ಲವಾದ್ದರಿಂದ ಆ ಎಣ್ಣೆಯಲ್ಲಿ ಒಂದಿಷ್ಟು ಮೇಲೇರಿ ಉರಿದು ಕಾರ್ಬನ್ ಆಗುತ್ತಿತ್ತು. ಕಾರುಗಳು ಹೆಚ್ಚಿ ಪೆಟ್ರೋಲಿಗೆ ಬೇಡಿಕೆ ಏರಿದಂತೆ, ಮೊದಲನೆಯ ಮಹಾಯುದ್ಧದ ಹೊತ್ತಿಗೆ, ಅಷ್ಟು ಸುಲಭವಾಗಿ ಆವಿಯಾಗದ ಭಾರದ ಅಂಶಗಳೂ ಪೆಟ್ರೋಲಿನಲ್ಲಿ ಸೇರತೊಡಗಿದವು. ಪೂರ್ತಿ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಗುಂಟ ಇಳಿದು ಸಂಪಿನ ಎಣ್ಣೆಯನ್ನು ತೆಳ್ಳಗೆ ಮಾಡುತ್ತಿತ್ತು. ಸಿಲಿಂಡರಿನ ಮೇಲ್ಭಾಗದಲ್ಲಿ ಕಾರ್ಬನ್ ದಪ್ಪವಾದಷ್ಟೂ ಅಲ್ಲಿನ ಜಾಗ ಕಿರಿದಾಗಿ ಒತ್ತಡ ಏರುತ್ತಿತ್ತು. ಕೆಂಪಗೆ ಕಾದ ಕಾರ್ಬನ್ ತುಣುಕುಗಳು ಪ್ಲಗ್ಗಿನ ಕಿಡಿಗೆ ಮುಂಚೆಯೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತಿದ್ದವು. ಏರಿನಲ್ಲಿ ಎಂಜಿನ್ ಟಕಟಕ ಎಂದು ಬಡಿದುಕೊಳ್ಳುತ್ತಿತ್ತು.

ಇದಕ್ಕೆ ಇದ್ದ ನೇರ ಪರಿಹಾರ ಹೆರೆಯುವುದು. ಬಹಳಷ್ಟು ಹಳೆಯ ಎಂಜಿನ್‌ಗಳಲ್ಲಿ ಸಿಲಿಂಡರ್ ಮತ್ತು ಅದರ ಮೇಲ್ಮುಚ್ಚಳವಾದ ಹೆಡ್ ಒಂದೇ ಎರಕದಲ್ಲಿ ಇರುತ್ತಿದ್ದವು. ವಾಲ್ವ್‌ಗಳ ಮೇಲಿನ ಮುಚ್ಚಳ ಬಿಚ್ಚಿ, ಆ ಸಣ್ಣ ರಂಧ್ರದಲ್ಲಿ ಬಾಗಿದ ಸಲಾಕೆ ತೂರಿಸಿ, ಕಣ್ಣಿಗೆ ಕಾಣದ ಜಾಗವನ್ನು ಕೈಯ ಅಂದಾಜಿನ ಮೇಲೆ ಕೆರೆಯಬೇಕಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಹೆಡ್ಡನ್ನು ಬೋಲ್ಟ್ ಸಡಿಲಿಸಿ ಎತ್ತಬಹುದಾಗಿತ್ತು. ಆ ಕಾರಿನ ಅಗ್ಗದ ಬೆಲೆಯನ್ನು ಎಲ್ಲರೂ ಹೊಗಳುತ್ತಾರೆ. ಅದನ್ನು ಬಿಚ್ಚಿ ಕಾರ್ಬನ್ ತೆಗೆಯಬೇಕಾಗಿದ್ದ ರೈತರಿಗೆ ಈ ಬೋಲ್ಟುಗಳೂ ಅಷ್ಟೇ ದೊಡ್ಡ ಉಪಕಾರ. ಬ್ರಿಟನ್ನಿನ ಕಾರುಗಳ ಕೈಪಿಡಿಗಳಲ್ಲಂತೂ ಕೆಲವು ಸಾವಿರ ಮೈಲಿಗಳಿಗೊಮ್ಮೆ ಹೆಡ್ ಬಿಚ್ಚಿ ಕಾರ್ಬನ್ ತೆಗೆಯುವುದು, ವಾಲ್ವ್ ಉಜ್ಜಿ ಕೂರಿಸುವುದು, ಆಯಿಲ್ ಬದಲಾಯಿಸಿದಷ್ಟೇ ಮಾಮೂಲಿ ಕೆಲಸವೆಂಬಂತೆ ಬರೆದಿರುತ್ತಿತ್ತು.

ಹೆಡ್ ಬಿಚ್ಚುವ ರಗಳೆ ತಪ್ಪಿಸಲು ಜನ ಹಿಡಿದ ಮೊದಲ ದ್ರಾವಕ ಸೀಮೆಎಣ್ಣೆ. ಸಂಜೆ ಎಂಜಿನ್ ಬಿಸಿಯಿರುವಾಗಲೇ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಸೀಮೆಎಣ್ಣೆ ಹೊಯ್ದು, ರಾತ್ರಿಯಿಡೀ ನೆನೆಯಲು ಬಿಡುವುದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಬೀದಿ ತುಂಬ ಬಿಳಿ ಹೊಗೆ ಬರಿಸುವುದು. ಇದು ಎಷ್ಟು ಕೆಲಸ ಮಾಡುತ್ತಿತ್ತು ಎಂಬುದರಲ್ಲೇ ಮುಂದಿನ ಎಲ್ಲ ದ್ರಾವಕಗಳ ಹಣೆಬರಹವೂ ಇದೆ. ಕಾರ್ಬನ್ ಕಣಗಳನ್ನು ಒಂದಕ್ಕೊಂದು ಹಿಡಿದಿಡುವುದು ಟಾರಿನಂಥ ಅಂಟು. ಪದರ ಹೊಸದಾಗಿದ್ದರೆ ಸೀಮೆಎಣ್ಣೆ ಆ ಅಂಟನ್ನು ಕರಗಿಸುತ್ತದೆ, ಕಾರ್ಬನ್ ಉದುರುತ್ತದೆ. ಅಂಟೂ ಸುಟ್ಟು ಕಲ್ಲಿದ್ದಲಿನಂತಾದ ಹಳೆಯ ಪದರಕ್ಕೆ ಸೀಮೆಎಣ್ಣೆಯೂ ಒಂದೇ, ನೀರೂ ಒಂದೇ. ಸಂಪಿಗೂ ಇದೇ ಚಿಕಿತ್ಸೆ ನಡೆಯುತ್ತಿತ್ತು: ಹಳೆಯ ಆಯಿಲ್ ಇಳಿಸಿ, ಸೀಮೆಎಣ್ಣೆ ತುಂಬಿ, ಎಂಜಿನ್ ಅರೆಕ್ಷಣ ಓಡಿಸಿ, ಖಾಲಿ ಮಾಡುವುದು. ತಳದ ತಗ್ಗುಗಳಲ್ಲಿ ಉಳಿದ ಸೀಮೆಎಣ್ಣೆ ಹೊಸ ಆಯಿಲನ್ನೂ ತೆಳ್ಳಗೆ ಮಾಡಿ ಬೇರಿಂಗ್ ಸವೆಸುತ್ತದೆ ಎಂದು ಗೊತ್ತಾದ ಮೇಲೆ, ಅದರ ಬದಲು ತೆಳು ಫ್ಲಶಿಂಗ್ ಆಯಿಲ್ ಬಳಸಿ ಎಂಬ ಎಚ್ಚರಿಕೆ ಬಂತು.

1910ರ ದಶಕದಲ್ಲಿ ಗ್ಯಾರೇಜುಗಳು ಇನ್ನೊಂದು ಸಾಹಸಕ್ಕೆ ಕೈಹಾಕಿದ್ದವು. ಪಿಸ್ಟನ್ನನ್ನು ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವಂತೆ ನೋಡಿಕೊಂಡು, ಪ್ಲಗ್ಗಿನ ರಂಧ್ರದಲ್ಲಿ ಕಾರ್ಬನ್ನಿಗೆ ಬೆಂಕಿ ತಾಗಿಸಿ, ತೆಳುವಾದ ತಾಮ್ರದ ಕೊಳವೆಯಿಂದ ಆಮ್ಲಜನಕ ಊದುತ್ತಿದ್ದರು. ಕಾರ್ಬನ್ ಕಿಡಿಯಾಗಿ ರಂಧ್ರದಿಂದ ಚಿಮ್ಮಿ, ಉರಿಯಲು ಏನೂ ಉಳಿಯದಾದಾಗ ತಾನೇ ಆರುತ್ತಿತ್ತು. ನೋಡಲು ಭರ್ಜರಿ. ಕೊಳವೆಯನ್ನು ಒಂದೇ ಕಡೆ ಹಿಡಿದರೆ ಪಿಸ್ಟನ್ನಿಗೂ ವಾಲ್ವಿಗೂ ಪೆಟ್ಟು ಬೀಳುತ್ತಿತ್ತು.

ಸೀಮೆಎಣ್ಣೆಯ ಜಾಗಕ್ಕೆ ಹೆಸರಿಟ್ಟ ಡಬ್ಬಿಗಳು ಬಂದದ್ದು ಇದರ ನಂತರ. ಅಮೆರಿಕದಲ್ಲಿ ಕಾರ್ಬ್ಯುರೇಟರ್ ತಯಾರಿಸುತ್ತಿದ್ದ ಬರ್ಟ್ ಪಿಯರ್ಸ್, ಅಂದಿನ ಪೆಟ್ರೋಲಿನ ಕಸ ಕಾರ್ಬ್ಯುರೇಟರಿನ ಜೆಟ್‌ಗಳನ್ನು ಕಟ್ಟಿಸುತ್ತಿದ್ದುದಕ್ಕೆ ಮದ್ದಾಗಿ 1923ರಲ್ಲಿ ಮಾರ್ವೆಲ್ ಮಿಸ್ಟರಿ ಆಯಿಲ್ ತಂದ. 1930ರ ದಶಕದಲ್ಲಿ ಮಿನೆಸೋಟದ ಫ್ರೆಡ್ ಬ್ರಾಂಡನ್ ದೋಣಿಯ ಮೋಟಾರುಗಳಲ್ಲಿ ಪೆಟ್ರೋಲ್ ಹಳಸಿ ಅಂಟಾಗುವುದನ್ನು ತಡೆಯಲು ಬೆರೆಸಿದ ದ್ರವವೇ ಸೀ ಫೋಮ್. ತೆಳು ಎಣ್ಣೆ, ನಾಫ್ತಾ, ಐಸೊಪ್ರೊಪೈಲ್ ಆಲ್ಕೋಹಾಲ್: ಇವಿಷ್ಟೇ ಅದರಲ್ಲಿನ ಮುಖ್ಯ ಸರಕು. ಒಂದು ಅಂಟು ಕರಗಿಸುತ್ತದೆ, ಒಂದು ನೀರನ್ನು ಹೀರಿಕೊಳ್ಳುತ್ತದೆ, ಒಂದು ಜಾರು ಕೊಡುತ್ತದೆ. ನಾರ್ವೆಯಿಂದ ಸಿಯಾಟಲ್‌ಗೆ ವಲಸೆ ಬಂದ ಓಲೆ ಬಾರ್ಡಾಲ್ ತನ್ನ ಕಂಪನಿ ಕಟ್ಟಿದ್ದು 1939ರಲ್ಲಿ. ಯಾವ ಡಬ್ಬಿಯೂ ರಹಸ್ಯ ಬಿಟ್ಟುಕೊಡುತ್ತಿರಲಿಲ್ಲ; ಹೆಸರಿನಲ್ಲೇ ರಹಸ್ಯವಿದ್ದದ್ದು ವ್ಯಾಪಾರಕ್ಕೆ ಒಳ್ಳೆಯದೇ ಆಯಿತು.

ಇದೇ ಹೊತ್ತಿಗೆ ಪೆಟ್ರೋಲಿನ ಒಳಗೇ ಒಂದು ಸ್ವಚ್ಛತೆಯ ಕೆಲಸ ಶುರುವಾಗಿತ್ತು. ಎಂಜಿನ್ ಬಡಿತ ನಿಲ್ಲಿಸಲು ಥಾಮಸ್ ಮಿಜ್ಲೆ 1921ರಲ್ಲಿ ಕಂಡುಹಿಡಿದ ಟೆಟ್ರಾಈಥೈಲ್ ಸೀಸ 1923ರಲ್ಲಿ ಬಂಕಿಗೆ ಬಂತು. ಬಡಿತವೇನೋ ನಿಂತಿತು, ಆದರೆ ಸೀಸದ ಆಕ್ಸೈಡ್ ಪ್ಲಗ್ ಮತ್ತು ವಾಲ್ವ್‌ಗಳ ಮೇಲೆ ಕೂತಿತು. ಅದನ್ನು ಹೊರಹಾಕಲು ಎಥಿಲೀನ್ ಡೈಬ್ರೋಮೈಡ್ ಬೆರೆಸಿದರು. ಸೀಸ ಬ್ರೋಮಿನ್ನಿನೊಂದಿಗೆ ಸೇರಿ ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಯಿತು. ಎಂಜಿನ್ ಶುಚಿಯಾಯಿತು, ಗಾಳಿ ವಿಷವಾಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ.

ನಿಜವಾದ ತಿರುವು ಕಾರಿನಿಂದಲ್ಲ, ಟ್ರ್ಯಾಕ್ಟರಿನಿಂದ ಬಂತು. 1931ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ಡೀಸೆಲ್ ಟ್ರ್ಯಾಕ್ಟರ್ ಹೊರತಂದಾಗ, ಪಿಸ್ಟನ್ನಿನ ಬಿಸಿಗೆ ಬರಿಯ ಖನಿಜ ಎಣ್ಣೆ ಬೆಂದು ವಾರ್ನಿಷ್ ಕಟ್ಟಿ ರಿಂಗುಗಳು ಕಚ್ಚಿಕೊಳ್ಳತೊಡಗಿದವು. ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾದ ರಸಾಯನಜ್ಞರು ಎಣ್ಣೆಯಲ್ಲಿ ಅಲ್ಯೂಮಿನಿಯಂ ನಾಫ್ತನೇಟ್ ಎಂಬ ಲೋಹದ ಸಾಬೂನು ಕರಗಿಸಿ, 1935ರ ಸುಮಾರಿಗೆ ಡೆಲೊ ಎಂಬ ಡಿಟರ್ಜೆಂಟ್ ಆಯಿಲ್ ತಂದರು. ಬಟ್ಟೆ ಸೋಪಿನಂತೆ ಇದರ ಅಣುವಿಗೂ ಎರಡು ತುದಿ: ಒಂದು ಕೊಳೆಗೆ ಅಂಟುತ್ತದೆ, ಇನ್ನೊಂದು ಎಣ್ಣೆಯಲ್ಲಿ ಕರಗಿರುತ್ತದೆ. ಕಣ ಲೋಹದ ಮೇಲೆ ಕೂರುವ ಮೊದಲೇ ಎಣ್ಣೆಯಲ್ಲಿ ತೇಲುತ್ತ ಉಳಿದು, ಆಯಿಲ್ ಬದಲಾಯಿಸುವಾಗ ಅದರ ಜೊತೆಗೇ ಹೊರಬೀಳುತ್ತದೆ. ಮುಂದೆ ಕ್ಯಾಲ್ಸಿಯಂ, ಬೇರಿಯಂ ಸಂಯುಕ್ತಗಳು ಬಂದವು. ಉರಿಯುವಾಗ ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸುವ ಕೆಲಸವನ್ನೂ ಇವೇ ಹೊತ್ತವು. ಕೊಳೆ ಕಟ್ಟಿದ ಮೇಲೆ ಕರಗಿಸುವುದಕ್ಕಿಂತ ಕಟ್ಟಗೊಡದಿರುವುದೇ ಸುಲಭ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಡಬ್ಬಿಯ ಮದ್ದುಗಳ ಅಗತ್ಯ ಕುಸಿಯಲು ಶುರುವಾದದ್ದೂ ಅಲ್ಲಿಂದಲೇ, ಅವುಗಳ ವ್ಯಾಪಾರ ಮಾತ್ರ ಕುಸಿಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸೇನೆಯ ವಾಹನಗಳಿಗೆ ಡಿಟರ್ಜೆಂಟ್ ಆಯಿಲ್ ಕಡ್ಡಾಯದಂತಾಯಿತು. 1947ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಎಂಜಿನ್ ಆಯಿಲನ್ನು ರೆಗ್ಯುಲರ್, ಪ್ರೀಮಿಯಂ, ಹೆವಿ ಡ್ಯೂಟಿ ಎಂದು ಮೂರಾಗಿ ವಿಂಗಡಿಸಿದಾಗ ಡಿಟರ್ಜೆಂಟ್ ಇದ್ದದ್ದು ಮೂರನೆಯದರಲ್ಲಿ. ಮೆಕ್ಯಾನಿಕ್‌ಗಳಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಕಾರಣ ಎರಡು. ಹಾಕಿದ ಕೆಲವೇ ದಿನಕ್ಕೆ ಆಯಿಲ್ ಕರ್ರಗಾಗುತ್ತಿತ್ತು. ಅದು ಕೆಟ್ಟದ್ದರ ಗುರುತಲ್ಲ, ಕೊಳೆ ಹೊತ್ತದ್ದರ ಗುರುತು ಎಂದು ಒಪ್ಪಿಸುವುದು ಕಷ್ಟವಿತ್ತು. ಎರಡನೆಯದು ನ್ಯಾಯವಾದ ಭಯ: ವರ್ಷಗಟ್ಟಲೆ ಬರಿಯ ಎಣ್ಣೆಯಲ್ಲಿ ಓಡಿ ಕೆಸರು ತುಂಬಿದ ಎಂಜಿನ್ನಿಗೆ ಒಮ್ಮೆಲೇ ಡಿಟರ್ಜೆಂಟ್ ಆಯಿಲ್ ಹಾಕಿದರೆ, ಕಳಚಿದ ಕೆಸರು ಆಯಿಲ್ ಪಂಪಿನ ಬಾಯಲ್ಲಿರುವ ಜಾಲರಿಗೆ ಹೋಗಿ ಅಡ್ಡ ನಿಲ್ಲುವ ಸಂಭವವಿತ್ತು.

ಊರೊಳಗಿನ ಓಡಾಟದಲ್ಲಿ ಕಟ್ಟುವ ಸ್ಲಡ್ಜ್‌ಗೆ ಲೋಹದ ಸಾಬೂನು ಸಾಲಲಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ರಿಂಗ್ ದಾಟಿ ಬಂದ ಹೊಗೆಯಲ್ಲಿನ ನೀರಾವಿ ಸಂಪಿನಲ್ಲೇ ನೀರಾಗಿ ಇಳಿದು, ಅರೆಬೆಂದ ಪೆಟ್ರೋಲಿನೊಂದಿಗೆ ಸೇರಿ ಕೆಸರಾಗುತ್ತದೆ. 1960ರ ದಶಕದ ಆರಂಭದಲ್ಲಿ ಎರಡು ಬದಲಾವಣೆಗಳು ಇದನ್ನು ಹತೋಟಿಗೆ ತಂದವು. ಒಂದು, ಕೊಳೆಯ ಕಣಗಳನ್ನು ಎಣ್ಣೆಯಲ್ಲಿ ಚದುರಿಸಿಡುವ, ಲೋಹವಿಲ್ಲದ ಸಕ್ಸಿನಿಮೈಡ್ ಎಂಬ ಡಿಸ್ಪರ್ಸೆಂಟ್. ಇನ್ನೊಂದು, ಸಂಪಿನ ಹೊಗೆಯನ್ನು ಎಳೆದು ಮತ್ತೆ ಸಿಲಿಂಡರಿಗೆ ಕಳಿಸುವ ಪಿಸಿವಿ ವಾಲ್ವ್. ಕ್ಯಾಲಿಫೋರ್ನಿಯಾದಲ್ಲಿ 1961ರ ಕಾರುಗಳಿಂದ ಇದು ಬಂದದ್ದು ಹೊಗೆಮಂಜು ತಡೆಯಲಿಕ್ಕೆ; ಎಂಜಿನ್ ಉಳಿದದ್ದು ಬೋನಸ್ಸು.

ಪೆಟ್ರೋಲಿನಲ್ಲೂ 1954ರಿಂದ ಕಾರ್ಬ್ಯುರೇಟರ್ ಶುಚಿ ಮಾಡುವ ಡಿಟರ್ಜೆಂಟ್ ಸೇರಿತು. ಅದರ ಜೊತೆ ಜಾಹೀರಾತಿನ ಯುದ್ಧವೂ ಬೆಳೆಯಿತು. 1970ರಲ್ಲಿ ಷೆವ್ರಾನ್ ತನ್ನ ಎಫ್-310 ಪೆಟ್ರೋಲಿಗಾಗಿ ಟಿವಿಯಲ್ಲಿ ತೋರಿಸಿದ ಜಾಹೀರಾತಿನಲ್ಲಿ, ಸೈಲೆನ್ಸರಿಗೆ ಕಟ್ಟಿದ ಪಾರದರ್ಶಕ ಚೀಲ ಮೊದಲು ಕಪ್ಪು ಹೊಗೆಯಿಂದ ತುಂಬುತ್ತದೆ. ಆರು ಟ್ಯಾಂಕ್ ಹೊಸ ಪೆಟ್ರೋಲ್ ಕುಡಿದ ಮೇಲೆ ಅದೇ ಕಾರಿನ ಚೀಲ ತಿಳಿಯಾಗಿರುತ್ತದೆ. ಮೊದಲಿನ ಕಪ್ಪಿಗಾಗಿ ಆ ಕಾರಿಗೆ ವಿಶೇಷವಾಗಿ ತಯಾರಿಸಿದ ಕೊಳಕು ಇಂಧನ ಕುಡಿಸಿದ್ದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ದಾರಿ ತಪ್ಪಿಸುವ ಜಾಹೀರಾತು ಎಂದು ತೀರ್ಮಾನಿಸಿತು. ಎಸ್‌ಟಿಪಿ ಎಂಬ ಹೆಸರಾಂತ ಆಯಿಲ್ ಮದ್ದಿನ ಕಂಪನಿಯೂ ಆಯಿಲ್ ಉಳಿತಾಯದ ಬಗ್ಗೆ ಮಾಡಿದ ಪ್ರಚಾರಕ್ಕಾಗಿ 1978ರಲ್ಲಿ 7 ಲಕ್ಷ ಡಾಲರ್ ತೆತ್ತಿತು.

ಕರ್ನಾಟಕದಲ್ಲಿ ಈ ಚರಿತ್ರೆ ಕಾರಿಗಿಂತ ಟೂ-ಸ್ಟ್ರೋಕ್ ಬೈಕಿನ ಮೂಲಕ ಹೆಚ್ಚು ಜನರಿಗೆ ಪರಿಚಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ದಿಗಳಲ್ಲಿ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಉರಿಸುವುದರಿಂದ ಕಾರ್ಬನ್ ತಪ್ಪಿದ್ದಲ್ಲ. ಎಗ್ಸಾಸ್ಟ್ ಪೋರ್ಟ್ ಕಿರಿದಾಗಿ, ಸೈಲೆನ್ಸರಿನ ಒಳಕೊಳವೆ ಕಟ್ಟಿಕೊಂಡು ಗಾಡಿ ಏರು ಎಳೆಯುವುದಿಲ್ಲ. ಮೆಕ್ಯಾನಿಕ್ ಆ ಕೊಳವೆಯನ್ನು ಹೊರಗೆಳೆದು, ಬೆಂಕಿ ಹಚ್ಚಿ, ಕೆಂಪಗಾದ ಮೇಲೆ ತಟ್ಟಿ ಉದುರಿಸುತ್ತಿದ್ದ. ಹೆಡ್ ಬಿಚ್ಚಿ ಪಿಸ್ಟನ್ ಕೆರೆಯುತ್ತಿದ್ದ. ಬಿಚ್ಚಿದ ಭಾಗಗಳನ್ನೆಲ್ಲ ತಗಡಿನ ತಟ್ಟೆಯ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆಯುತ್ತಿದ್ದ. ಅಂಬಾಸಿಡರ್, ಪದ್ಮಿನಿಗಳ ಗ್ಯಾರೇಜುಗಳಲ್ಲೂ ತಟ್ಟೆ ಅದೇ, ಎಣ್ಣೆ ಅದೇ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವ ದಂಧೆ ಜೋರಾಗಿದ್ದಾಗ ಕಾರ್ಬನ್ ಕಟ್ಟಲು ಕಾರಣವಾದದ್ದೂ, ಅದನ್ನು ತೊಳೆದದ್ದೂ ಒಂದೇ ದ್ರವ ಎಂಬುದು ವಿಚಿತ್ರ. ಕ್ಲೀನರ್ ಬೆರೆಸಿದ ದುಬಾರಿ ಪೆಟ್ರೋಲ್ ನಮ್ಮ ಬಂಕುಗಳಲ್ಲಿ ಹೆಸರು ಹೊತ್ತು ಬಂದದ್ದು 2002ರ ಸುಮಾರಿಗೆ.

ಅಷ್ಟರಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಇಂಜೆಕ್ಟರ್ ಬಂದಿತ್ತು. ಎಂಜಿನ್ ನಿಲ್ಲಿಸಿದ ಮೇಲಿನ ಬಿಸಿಗೆ ಇಂಜೆಕ್ಟರಿನ ತುದಿಯಲ್ಲುಳಿದ ಪೆಟ್ರೋಲ್ ಬೆಂದು ಅದರ ಬಾಯಿ ಕಟ್ಟಿಸುವ ತೊಂದರೆ 1980ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ದೊಡ್ಡದಾಯಿತು. ಬಿಎಂಡಬ್ಲ್ಯು 318ಐ ಕಾರನ್ನು 10,000 ಮೈಲಿ ಓಡಿಸಿ, ಇನ್‌ಟೇಕ್ ವಾಲ್ವ್‌ಗಳ ಮೇಲೆ ಕೂತ ಕೊಳೆಯನ್ನು ತೂಗುವ ಪರೀಕ್ಷೆ ರೂಢಿಗೆ ಬಂತು. ವಾಲ್ವಿಗೆ ಸರಾಸರಿ 100 ಮಿಲಿಗ್ರಾಂ ಮೀರಿರದಿದ್ದರೆ ಪೆಟ್ರೋಲ್ ಉತ್ತಮ. ಬಿಸಿಯಲ್ಲೂ ಕೆಡದೆ ವಾಲ್ವ್ ತೊಳೆಯಬಲ್ಲ ಪಾಲಿಈಥರ್ ಅಮೀನ್ ಈ ಕಾಲದ ಕೊಡುಗೆ. 1995ರ ಜನವರಿಯಿಂದ ಅಮೆರಿಕದಲ್ಲಿ ಎಲ್ಲ ಪೆಟ್ರೋಲಿಗೂ ಕನಿಷ್ಠ ಪ್ರಮಾಣದ ಡಿಟರ್ಜೆಂಟ್ ಕಡ್ಡಾಯವಾಯಿತು. ಆ ಕನಿಷ್ಠ ಪ್ರಮಾಣ ಸಾಲದೆಂದು 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಸೇರಿ ಟಾಪ್ ಟಿಯರ್ ಎಂಬ ಹೆಚ್ಚಿನ ಮಾನದಂಡ ಹೊರಡಿಸಿದವು.

ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಈಗಿನ ಎಂಜಿನ್‌ಗಳಲ್ಲಿ ಇಷ್ಟೂ ರಸಾಯನಶಾಸ್ತ್ರ ಇನ್‌ಟೇಕ್ ವಾಲ್ವಿನ ಮಟ್ಟಿಗೆ ನಿರುಪಯೋಗಿ. ಪೆಟ್ರೋಲ್ ಆ ವಾಲ್ವನ್ನು ಮುಟ್ಟುವುದೇ ಇಲ್ಲ. ಪಿಸಿವಿಯಿಂದ ಬರುವ ಆಯಿಲ್ ಆವಿ ಮಾತ್ರ ಅಲ್ಲಿ ಬಂದು ಬೇಯುತ್ತದೆ. ಅದನ್ನು ತೆಗೆಯಲು ಗ್ಯಾರೇಜುಗಳು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಊದುತ್ತವೆ.

ಸಂಪಿಗೆ ಹಾಕುವ ಫ್ಲಶ್ ಇಂದಿಗೂ ತೆಳು ಪೆಟ್ರೋಲಿಯಂ ದ್ರಾವಕ ಮತ್ತು ಡಿಟರ್ಜೆಂಟಿನ ಮಿಶ್ರಣವೇ. ಹಳೆಯ ಆಯಿಲಿಗೆ ಸುರಿದು, ಗಾಡಿ ನಿಂತಲ್ಲೇ ಐದು ಹತ್ತು ನಿಮಿಷ ಓಡಿಸಿ, ಎರಡನ್ನೂ ಒಟ್ಟಿಗೆ ಇಳಿಸಬೇಕು. ಅಷ್ಟು ಹೊತ್ತು ಆಯಿಲ್ ತೆಳ್ಳಗಿರುವುದರಿಂದ ಗಾಡಿಯನ್ನು ರಸ್ತೆಗಿಳಿಸಬಾರದು. ಹೇಳಿದ ಅವಧಿಗೆ ಆಯಿಲ್ ಬದಲಾಗುತ್ತ ಬಂದ ಎಂಜಿನ್ನಿಗೆ ಇದರ ಅಗತ್ಯವಿಲ್ಲ. ಆಯಿಲಿಗೆ ಬೇರೇನೂ ಬೆರೆಸುವುದು ಬೇಡ ಎಂದು ಹಲವು ಕಾರು ಕಂಪನಿಗಳ ಕೈಪಿಡಿಗಳೇ ಹೇಳುತ್ತವೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ದಪ್ಪ ಕೆಸರು ಕಂಡರೆ ಫ್ಲಶ್ ಸುರಿಯುವ ಮುಂಚೆ ಸಂಪ್ ಬಿಚ್ಚಿಸಿ, ಪಂಪಿನ ಜಾಲರಿಯನ್ನು ಕೈಯಿಂದಲೇ ತೊಳೆಸುವುದು ಕ್ಷೇಮ.