ಸುಫ್ಫಾದ ಜಗಲಿ ನಮಗೆ ಕಲಿಸುವ ಪಾಠ

ಮಕ್ಕಾದಿಂದ ಹಿಜ್‌ರತ್ ಮಾಡಿ ಮದೀನಾಕ್ಕೆ ಬಂದವರಲ್ಲಿ ಹಲವರಿಗೆ ಅಲ್ಲಿ ಮನೆಯಿರಲಿಲ್ಲ, ಬಂಧುಗಳಿರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಹಿಜರಿ 2ರಲ್ಲಿ (ಕ್ರಿ.ಶ. 624) ಕಿಬ್ಲಾ ಕಾಬಾದ ಕಡೆಗೆ ಬದಲಾದಾಗ ಮಸ್ಜಿದುನ್ನಬವಿಯ ಉತ್ತರ ಭಾಗವು ಹಿಂಬದಿಯಾಯಿತು. ಅಲ್ಲಿ ಖರ್ಜೂರದ ಗರಿಗಳ ಚಪ್ಪರ ಹೊದಿಸಿದ ಜಗಲಿಯೇ ಸುಫ್ಫಾ. ನೆಲೆಯಿಲ್ಲದವರಿಗೆ ಪ್ರವಾದಿ(ಸ)ರು ಅಲ್ಲಿ ಆಶ್ರಯ ಕೊಟ್ಟರು.

ಅವರ ಊಟದ ಹೊಣೆಯನ್ನು ಇಡೀ ಊರು ಹಂಚಿಕೊಂಡಿತು. ಇಬ್ಬರಿಗಾಗುವಷ್ಟು ಊಟವಿರುವವರು ಮೂರನೆಯವನನ್ನು ಕರೆದೊಯ್ಯಬೇಕೆಂದು ಪ್ರವಾದಿ(ಸ)ರು ಹೇಳಿದರು. ಆಗ ಅಬೂಬಕರ್(ರ) ಮೂವರನ್ನು, ಪ್ರವಾದಿ(ಸ)ರು ಹತ್ತು ಮಂದಿಯನ್ನು ಮನೆಗೆ ಕರೆದೊಯ್ದರೆಂದು ಸಹೀಹ್ ಬುಖಾರಿಯಲ್ಲಿದೆ. ಅನ್ಸಾರರು ತಮ್ಮ ತೋಟದ ಖರ್ಜೂರದ ಗೊನೆಗಳನ್ನು ಮಸೀದಿಯಲ್ಲಿ ತೂಗುಹಾಕುತ್ತಿದ್ದರು. ಕೆಲವರು ಕಳಪೆ ಗೊನೆ ತಂದಾಗ, ನಾವೇ ತೆಗೆದುಕೊಳ್ಳಲು ಹಿಂಜರಿಯುವ ವಸ್ತುವನ್ನು ದಾನ ಮಾಡಬಾರದೆಂದು ಎಚ್ಚರಿಸುವ ಅಲ್‌ಬಕರಾದ 267ನೇ ವಚನ ಅವತೀರ್ಣವಾಯಿತೆಂದು ತಿರ್ಮಿದಿಯ ವರದಿ ತಿಳಿಸುತ್ತದೆ. ಹಸಿದವನಿಗೂ ಮರ್ಯಾದೆಯಿದೆ.

ಸುಫ್ಫಾ ಬರೀ ಮಲಗುವ ಜಾಗವಾಗಿರಲಿಲ್ಲ. ಉಬಾದಾ ಬಿನ್ ಸಾಮಿತ್(ರ) ಅಲ್ಲಿದ್ದವರಿಗೆ ಕುರ್‌ಆನ್ ಮತ್ತು ಬರವಣಿಗೆ ಕಲಿಸಿದರು. ಹಸಿವಿನಿಂದ ಹೊಟ್ಟೆಗೆ ಕಲ್ಲು ಕಟ್ಟಿಕೊಳ್ಳುತ್ತಿದ್ದ ಅಬೂಹುರೈರಾ(ರ) ಇದೇ ಜಗಲಿಯಲ್ಲಿದ್ದರು. ಅತಿ ಹೆಚ್ಚು ಹದೀಸ್‌ಗಳನ್ನು ಸಮುದಾಯಕ್ಕೆ ತಲುಪಿಸಿದವರೂ ಅವರೇ. ಅಂದು ಮದೀನಾ ಅವರನ್ನು ಬೀದಿಗೆ ಬಿಟ್ಟಿದ್ದರೆ ನಷ್ಟ ಯಾರದು?

ಸೂರು, ಅನ್ನ, ವಿದ್ಯೆ ಮೂರನ್ನೂ ಒಂದೇ ಕಡೆ ಕೊಡುವ ಈ ಕ್ರಮವನ್ನು ನಮ್ಮ ಜಿಲ್ಲೆಯೂ ಕಂಡಿದೆ. ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು 1941ರಿಂದ 2019ರ ಜನವರಿ 21ರಂದು ಅಗಲುವವರೆಗೂ ಇದನ್ನು ನಡೆಸಿಕೊಂಡು ಬಂದರು. ಜಾತಿ, ಧರ್ಮ ಕೇಳದೆ ಸಾವಿರಾರು ಬಡ ಮಕ್ಕಳನ್ನು ಸೇರಿಸಿಕೊಂಡರು. ನೆರೆಯವರ ಒಳ್ಳೆಯ ಕೆಲಸವನ್ನು ಮನಸಾರೆ ಮೆಚ್ಚೋಣ, ನಮ್ಮ ಪಾಲಿನ ಕೆಲಸವನ್ನೂ ನೆನೆಯೋಣ.

ಇಂದು ಕೋರ ಹೋಬಳಿಯಲ್ಲೇ ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ. ದುಡಿಮೆ ಹುಡುಕಿ ಬರುವ ಹುಡುಗ ಕೆಲಸ ಕಳೆದುಕೊಂಡರೆ ಬಾಡಿಗೆ ಕೋಣೆಯೂ ಕೈತಪ್ಪುತ್ತದೆ. ಮನೆಯಲ್ಲಿ ಜಗಳವಾಡಿ ಹೊರಬಿದ್ದವನಿಗೆ ಬಸ್ ನಿಲ್ದಾಣದ ಬೆಂಚೇ ಹಾಸಿಗೆ. ಅಂಥವನು ಮಸೀದಿಯ ವುಝೂ ಕೊಳದ ಬಳಿ ಕುಳಿತಿದ್ದರೆ, ಎಬ್ಬಿಸಿ ಕಳಿಸುವ ಮೊದಲು ಊಟವಾಯಿತೇ ಎಂದು ಕೇಳಬೇಕು.

18 ವರ್ಷ ತುಂಬದವರಾದರೆ 1098ಕ್ಕೆ ಕರೆ ಮಾಡಬೇಕು. ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂಬುದು ಕಾನೂನು. 18 ದಾಟಿದವರಿಗೆ ಜಮಾಅತ್ ತಾನೇ ನೆರವಾಗಬಹುದು: ಸರದಿಯಂತೆ ಮನೆಮನೆಯ ಊಟ, ಕೋಣೆಯ ಅಡ್ವಾನ್ಸ್‌ಗೆ ಸಾಲ, ಕೆಲಸ ಕಲಿಸಬಲ್ಲ ಒಬ್ಬ ಹಿರಿಯರ ಜೊತೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಬಡವರೂ ದಾರಿಹೋಕರೂ ಸೇರಿದ್ದಾರೆಂದು ಸೂರಾ ಅತ್ತೌಬಾ ಹೇಳುತ್ತದೆ.

ಅನಾಥರಾಗಿದ್ದ ಪ್ರವಾದಿ(ಸ)ರಿಗೆ ತಾನು ಆಶ್ರಯ ಕೊಟ್ಟುದನ್ನು ಅಲ್ಲಾಹನು ಸೂರಾ ಅದ್ದುಹಾದಲ್ಲಿ ನೆನಪಿಸುತ್ತಾನೆ. ಆ ಪ್ರವಾದಿ(ಸ)ರ ಉಮ್ಮತ್ತಿಗೆ ಆಶ್ರಯ ಕೊಡುವ ತೌಫೀಕನ್ನು ಅವನು ಕರುಣಿಸಲಿ. ಆಮೀನ್.