ನೇಗಿಲು, ಹಗ್ಗ, ಹಲಗೆ: ಕಂಬಳದ ಕರೆಯಲ್ಲಿ ಸಲಕರಣೆಯ ಆಯ್ಕೆ

ಕಂಬಳದಲ್ಲಿ ಕೋಣಗಳಷ್ಟೇ ಮುಖ್ಯವಾದದ್ದು ಕೋಣಗಳಿಗೂ ಓಡಿಸುವವನಿಗೂ ನಡುವೆ ಇರುವ ಸಲಕರಣೆ. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ನಾಲ್ಕರಲ್ಲಿ ಯಾವುದನ್ನು ಕಟ್ಟಲಾಗಿದೆ ಎಂಬುದರ ಮೇಲೆ ಓಟದ ವೇಗ, ಓಡಿಸುವವನ ಕೆಲಸ, ಗೆಲುವನ್ನು ಅಳೆಯುವ ಕ್ರಮ ಎಲ್ಲವೂ ನಿಂತಿವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಕರೆಗಳಲ್ಲಿ, ಅಂದರೆ ಕೆಸರಿನ ಓಟದ ದಾರಿಗಳಲ್ಲಿ, ಇಂದು ಸ್ಪರ್ಧೆಯ ವಿಭಾಗಗಳಿಗೆ ಈ ಸಲಕರಣೆಗಳದೇ ಹೆಸರು.

ಇವುಗಳ ಮೂಲ ಬೇಸಾಯ. ಕಂಬಳ ಗದ್ದೆಯೆಂದರೆ ಹಿಂದೆ ಗುತ್ತು, ಬೀಡು ಎಂಬ ಭೂಮಾಲೀಕ ಮನೆತನಗಳಿಗೆ ಸೇರಿದ, ನೀರು ನಿಲ್ಲುವ ದೊಡ್ಡ ಗದ್ದೆ. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು ಸುಗ್ಗಿ ಬೆಳೆಗೆ ಅದನ್ನು ಉತ್ತು, ಕೆಸರು ಮಾಡಿ, ಹಲಗೆ ಎಳೆದು ಮಟ್ಟ ಮಾಡುವ ಹೊತ್ತಿಗೆ ಒಕ್ಕಲಿನವರು ತಮ್ಮ ಕೋಣಗಳನ್ನು ತಂದು ಇಳಿಸುತ್ತಿದ್ದರು. ಉಳುವ ಕೆಲಸಕ್ಕೆ ನೇಗಿಲು, ಮಟ್ಟ ಮಾಡುವ ಕೆಲಸಕ್ಕೆ ಹಲಗೆ. ದಿನದ ದುಡಿಮೆ ಹಬ್ಬವಾದಾಗ ಅವೇ ಓಟದ ಸಾಮಾನುಗಳಾದವು. ಕಂಬದ ಸುತ್ತ ಹೂ ಕಟ್ಟಿ ಗದ್ದೆಯ ನಡುವೆ ನೆಡುವ ಪೂಕರೆ, ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂರುವ ಪನಿಕುಲ್ಲುನು ಮೊದಲಾದ ಆಚರಣೆಗಳ ನಡುವೆ ಓಟವೂ ಒಂದು ಅಂಗವಾಗಿತ್ತು. ಗೆದ್ದವರಿಗೆ ಸಿಗುತ್ತಿದ್ದದ್ದು ತೆಂಗಿನಕಾಯಿ, ಬಾಳೆಗೊನೆ. ಆ ಕಾಲದ ಕಂಬಳಕ್ಕೆ ಒಂದು ಕರಾಳ ಮುಖವೂ ಇತ್ತು. ಡೋಲು ಬಡಿಯುವುದರಿಂದ ಹಿಡಿದು ಕೋಣಗಳಿಗಿಂತ ಮೊದಲು ತಾವೇ ಕೆಸರಿನಲ್ಲಿ ಓಡುವವರೆಗೆ ಕೊರಗ ಸಮುದಾಯದವರನ್ನು ಹೀನಾಯವಾಗಿ ದುಡಿಸಿಕೊಳ್ಳಲಾಗುತ್ತಿತ್ತು. ಅವರನ್ನು ಹೀಗೆ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಕಂಬಳದ ಚರಿತ್ರೆ ಬರೆಯುವ ಯಾರೂ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ನಾಲ್ಕು ಸಲಕರಣೆಗಳಲ್ಲಿ ನೇಗಿಲು ಕೋಣಗಳಿಗೆ ಮೊದಲ ಪಾಠ. ಓಟದ ನೇಗಿಲು ಉಳುವ ನೇಗಿಲಿಗಿಂತ ಬಹಳ ಹಗುರ. ನೊಗದಿಂದ ಹಿಂದಕ್ಕೆ ಬಂದ ಉದ್ದನೆಯ ಮರದ ತುದಿಯಲ್ಲಿ ಅದು ಕೆಸರು ತಾಕುತ್ತ ಸಾಗುತ್ತದೆ. ಓಡಿಸುವವನ ಕೈಗೆ ಗಟ್ಟಿಯಾದ ಹಿಡಿ ಸಿಗುತ್ತದೆ, ಅಡ್ಡಾದಿಡ್ಡಿಯಾಗುವ ಜೋಡಿಯನ್ನು ಅದೇ ಹಿಡಿಯಿಂದ ಸರಿದಾರಿಗೆ ತರಬಹುದು. ಕೆಸರಿನ ತಡೆಯಿಂದ ವೇಗ ಸ್ವಲ್ಪ ಕುಗ್ಗಿದರೂ ಓಟ ನೆಟ್ಟಗಿರುತ್ತದೆ. ಕರೆಗೆ ಹೊಸದಾಗಿ ಇಳಿಯುವ ಎಳೆಯ ಕೋಣಗಳಿಗೆ ಇದನ್ನೇ ಕಟ್ಟುವುದು ಈ ಕಾರಣಕ್ಕೆ. ಹಲ್ಲು ನೋಡಿ ಹಿರಿಯ, ಕಿರಿಯ ಎಂದು ವಿಂಗಡಿಸುವ ಪದ್ಧತಿಯಲ್ಲಿ ಸಾಮಾನ್ಯವಾಗಿ ಅತಿ ಹೆಚ್ಚು ಜೊತೆಗಳು ಬರುವುದು ನೇಗಿಲು ಕಿರಿಯ ವಿಭಾಗಕ್ಕೆ.

ಹಗ್ಗದಲ್ಲಿ ಮರವೇ ಇಲ್ಲ. ಕೋಣಗಳ ಜೋಡಿಗೆ ಕಟ್ಟಿದ ಹಗ್ಗವೊಂದನ್ನು ಹಿಡಿದು ಮನುಷ್ಯ ಓಡಬೇಕು. ಕೆಸರಿಗೆ ಉಜ್ಜುವ ಭಾರ ಇಲ್ಲದ್ದರಿಂದ ಕೋಣಗಳು ತಮ್ಮ ಪೂರ್ಣ ವೇಗಕ್ಕೆ ಏರುತ್ತವೆ. ಆದರೆ ಓಡಿಸುವವನಿಗೆ ಊರಲು ಏನೂ ಇಲ್ಲ. ಹಗ್ಗ ಸಡಿಲವಾದರೆ ಜೋಡಿಯ ಮೇಲಿನ ಹತೋಟಿ ಹೋಗುತ್ತದೆ, ಅತಿಯಾಗಿ ಬಿಗಿದರೆ ಅವನೇ ಮುಗ್ಗರಿಸುತ್ತಾನೆ. ಕೋಣಗಳ ಎಳೆತಕ್ಕೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಳ್ಳಬಲ್ಲ ಓಟಗಾರ ಸಿಗದಿದ್ದರೆ ಎಂಥ ಒಳ್ಳೆಯ ಜೋಡಿಯೂ ಹಗ್ಗದಲ್ಲಿ ಸೋಲುತ್ತದೆ. ಮೋಟಾರು ಲೋಕದಲ್ಲೂ ಇಂಥದೇ ಆಯ್ಕೆಯೊಂದಿದೆ. ಡ್ರ್ಯಾಗ್ ರೇಸಿನ ಕಾರುಗಳು ಸುಮಾರು 402 ಮೀಟರಿನ ನೇರ ದಾರಿಯಲ್ಲಿ ಎರಡೆರಡಾಗಿ ಓಡುತ್ತವೆ. ಅಲ್ಲಿ ಆಟೋಮ್ಯಾಟಿಕ್ ಗಿಯರ್ ಇದ್ದರೆ ಪ್ರತಿ ಓಟವೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬರುತ್ತದೆ, ಕೈಗಿಯರ್ ಇದ್ದರೆ ಓಟ ಚಾಲಕನ ಕೈಚಳಕಕ್ಕೆ ಬಿಟ್ಟದ್ದು. ನೇಗಿಲು ಮತ್ತು ಹಗ್ಗಗಳ ನಡುವಿನ ಅಂತರವೂ ಬಹುಮಟ್ಟಿಗೆ ಇದೇ.

ಅಡ್ಡಹಲಗೆ ಗದ್ದೆ ಮಟ್ಟ ಮಾಡುವ ಹಲಗೆಯ ವಂಶದ್ದು. ಅಡ್ಡಲಾಗಿ ಎಳೆಯುವ ಈ ಹಲಗೆಯ ಮೇಲೆ ಮನುಷ್ಯ ನಿಲ್ಲುತ್ತಾನೆ. ಅವನ ಮೈಭಾರವೂ ಸೇರಿ ಎಳೆಯಬೇಕಾದ್ದರಿಂದ ಇದು ಬಲಿತ, ಬಲಶಾಲಿ ಕೋಣಗಳ ವಿಭಾಗ.

ಕನೆಹಲಗೆಯ ರೀತಿಯೇ ಬೇರೆ. ಕಾಲಿಡಲು ಮಾತ್ರ ಜಾಗವಿರುವ ಸಣ್ಣ, ದಪ್ಪ ಮರದ ತುಂಡು, ಅದರಲ್ಲಿ ತೂತುಗಳು. ಅದರ ಮೇಲೆ ಪಾದ ಊರಿ, ಕೋಣದ ಬಾಲ ಹಿಡಿದು, ದೇಹವನ್ನು ಸಮತೋಲದಲ್ಲಿ ಇಟ್ಟುಕೊಂಡು ಸಾಗುವಾಗ ಕರೆಯ ನೀರು ತೂತುಗಳ ಮೂಲಕ ಕಾರಂಜಿಯಾಗಿ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ಆ ನೀರು ತಾಗಬೇಕು. ನಿಶಾನೆಯ ಎತ್ತರವನ್ನು ಇಂದಿಗೂ ಕೋಲು ಎಂಬ ಹಳೆಯ ಅಳತೆಯಲ್ಲೇ ಹೇಳುತ್ತಾರೆ: 6.5 ಕೋಲು, 7.5 ಕೋಲು. ಇಲ್ಲಿ ಯಾರು ಮೊದಲು ಮುಟ್ಟಿದರು ಎಂಬ ಪ್ರಶ್ನೆಯೇ ಇಲ್ಲ, ನೀರು ಎಲ್ಲಿಯವರೆಗೆ ಹಾರಿತು ಎಂಬುದಷ್ಟೇ ತೀರ್ಪು. ಹಲಗೆಯನ್ನು ಯಾವ ಓರೆಯಲ್ಲಿ ತುಳಿಯಬೇಕು, ನಿಶಾನೆ ಹತ್ತಿರವಾದಾಗ ಭಾರವನ್ನು ಎಷ್ಟು ಒತ್ತಬೇಕು ಎಂಬುದು ವರ್ಷಗಟ್ಟಲೆ ಪಳಗಿದ ಕಾಲಿಗೆ ಮಾತ್ರ ಗೊತ್ತು. ಫಲಿತಾಂಶದ ಪಟ್ಟಿಯಲ್ಲಿ ಉಳಿದವರನ್ನು ‘ಓಡಿಸಿದವರು’ ಎಂದು ಬರೆದರೆ ಹಲಗೆಯವರನ್ನು ‘ಹಲಗೆ ಮುಟ್ಟಿದವರು’ ಎಂದು ಬರೆಯುವುದು ರೂಢಿ. ಕಂಬಳದ ಕಲೆಯೆಲ್ಲ ಒಟ್ಟಾಗಿ ಕಾಣುವುದು ಇಲ್ಲೇ ಎಂದರೆ ಅತಿಶಯವಲ್ಲ.

ಸಲಕರಣೆಯ ಆಯ್ಕೆ ಲೆಕ್ಕಾಚಾರದ ವಿಷಯವಾದದ್ದು ಜೋಡುಕರೆ ಬಂದ ಮೇಲೆ. ಒಂದೇ ಕರೆಯಲ್ಲಿ ಜೊತೆಗಳು ಒಂದಾದ ಮೇಲೊಂದು ಓಡುತ್ತಿದ್ದ ಕ್ರಮಕ್ಕೆ ಬದಲಾಗಿ, ಎರಡು ಕರೆಗಳಲ್ಲಿ ಎರಡು ಜೊತೆಗಳನ್ನು ಒಟ್ಟಿಗೆ ಬಿಡುವ ಪದ್ಧತಿ 1969-70ರಲ್ಲಿ ಕಾರ್ಕಳ ಬಳಿಯ ಬಜಗೋಳಿಯಲ್ಲಿ ಲವ-ಕುಶ ಜೋಡುಕರೆಯ ಮೂಲಕ ಹೆಸರುವಾಸಿಯಾಯಿತು. ಓಟ ಶುರುವಾಗುವ ಗಂತಿನಿಂದ ಹೊರಟ ಎರಡು ಜೊತೆಗಳಲ್ಲಿ, ಓಟ ಮುಗಿಯುವ ಮಂಜೊಟ್ಟಿಗೆ ಮೊದಲು ಬಂದದ್ದು ಮುಂದಿನ ಸುತ್ತಿಗೆ ಹೋಗುತ್ತದೆ. ಬಹುಮಾನ ಚಿನ್ನದ ಪವನಿಗೆ ಏರಿತು. ಕರೆಗಳಿಗೆ ಜೋಡಿ ಹೆಸರಿಡುವ ರೂಢಿಯೂ ಬೆಳೆಯಿತು: ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರು ಪೆರ್ಮುಡದಲ್ಲಿ ಸೂರ್ಯ-ಚಂದ್ರ, ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ.

ಇದೇ ಅವಧಿಯಲ್ಲಿ ಗದ್ದೆಯ ಕಡೆಯಿಂದಲೂ ಬದಲಾವಣೆ ಬಂತು. 1974ರ ಭೂಸುಧಾರಣೆಯಿಂದ ಬೀಡುಗಳ ದೊಡ್ಡ ಹಿಡುವಳಿಗಳು ಒಕ್ಕಲುಗಳ ಕೈಸೇರಿದವು. ಗದ್ದೆಗಳ ಜಾಗದಲ್ಲಿ ಅಡಿಕೆ ಬಂತು, ಉಳಿದ ಗದ್ದೆಗೆ ಟಿಲ್ಲರ್ ಇಳಿಯಿತು. ಉಳುಮೆಯ ಕೋಣ ಓಟಕ್ಕೆಂದೇ ಸಾಕುವ ಕೋಣವಾಯಿತು. ನೇಗಿಲೂ ಹಲಗೆಯೂ ಬೇಸಾಯದಿಂದ ಕಳಚಿಕೊಂಡು ಸ್ಪರ್ಧೆಗೆಂದೇ ಹಗುರವಾಗಿ ಕೆತ್ತುವ ವಸ್ತುಗಳಾದವು. ಓಡಿಸುವ ವಿದ್ಯೆಯೂ ಮನೆಯ ಗದ್ದೆಯಲ್ಲಿ ತಾನಾಗಿ ಬರುವಂತಿರಲಿಲ್ಲ. 2011ರಲ್ಲಿ ಆರಂಭವಾದ ಕಂಬಳ ಅಕಾಡೆಮಿ ಮಿಯಾರಿನಲ್ಲಿ ಯುವಕರಿಗೆ ತರಬೇತಿ ಕೊಡತೊಡಗಿದ್ದರ ಹಿಂದೆ ಈ ಕೊರತೆಯಿತ್ತು.

ಸಮಯ ಅಳೆಯುವ ಯಂತ್ರಗಳು ಬಂದ ಮೇಲೆ ಜನರ ಗಮನ ವೇಗದ ಕಡೆ ಹೊರಳಿತು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದರು. ಇವನ್ನು 100 ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್‌ನ 9.58 ಸೆಕೆಂಡಿನ ಪಕ್ಕದಲ್ಲಿಟ್ಟು ದೇಶವೇ ಮಾತಾಡಿತು. ಆ ಹೋಲಿಕೆ ಸರಿಯಲ್ಲ. ಕಂಬಳದ ಓಟಗಾರನನ್ನು ಮುಂದಿರುವ ಕೋಣಗಳ ಜೋಡಿ ಎಳೆಯುತ್ತಿರುತ್ತದೆ, ಅವನ ಹೆಜ್ಜೆಯ ಉದ್ದದಲ್ಲಿ ಕೋಣಗಳ ಬಲವೂ ಇರುತ್ತದೆ. ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷಾ ಓಟದ ಆಹ್ವಾನವನ್ನು ಶ್ರೀನಿವಾಸ ಗೌಡರು ಒಪ್ಪಿಕೊಳ್ಳಲಿಲ್ಲ. ಬರಿಗಾಲಿನಲ್ಲಿ ಕೆಸರು ನೀರಿನಲ್ಲಿ ಆ ಎಳೆತವನ್ನು ತಾಳಿಕೊಳ್ಳುವುದು ಬೇರೆಯೇ ಸಾಮರ್ಥ್ಯ, ಅದನ್ನು ಅದರ ನೆಲೆಯಲ್ಲೇ ಗೌರವಿಸಬೇಕು.

ಈ ನಡುವೆ ಕಂಬಳದ ಉಳಿವೇ ಪ್ರಶ್ನೆಯಾಗಿತ್ತು. ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳ ವಿರುದ್ಧ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಕೊಟ್ಟ ತೀರ್ಪಿನ ಬೆನ್ನಿಗೆ, 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿತು. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಕೋಣಗಳೊಂದಿಗೇ ಪ್ರತಿಭಟನೆ ನಡೆಯಿತು. ಅದೇ ವರ್ಷ ವಿಧಾನಮಂಡಲ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಈ ವಿವಾದದಲ್ಲಿ ಕೋಣಗಳಿಗೆ ಹೊಡೆಯುವ ಬೆತ್ತದ ಬಳಕೆ ಚರ್ಚೆಯ ಕೇಂದ್ರವಾದ್ದರಿಂದ, ಹೊಡೆತವಿಲ್ಲದೆ ಜೋಡಿಯನ್ನು ಹತೋಟಿಯಲ್ಲಿಡುವ ಕೌಶಲಕ್ಕೆ ಹೊಸ ಬೆಲೆ ಬಂದಿದೆ. ಇತ್ತೀಚಿನ ಋತುಗಳಲ್ಲಿ ಇನ್ನೂ ಎಳೆಯ ಕೋಣಗಳಿಗೆಂದು ಸಬ್ ಜೂನಿಯರ್ ವಿಭಾಗವೂ ಸೇರಿದೆ. ಅದಕ್ಕೂ ಆರಿಸಿಕೊಂಡ ಸಲಕರಣೆ ನೇಗಿಲೇ.