ಅವ್ವನ ಸುಜಾತಾ ವಾಚಿನ ಸಡಿಲ ಮುಚ್ಚಳ

ಅಕ್ಕಗೋಳ, ವೈನಿಗೋಳ, ನಿಮ್ಮ ಮನ್ಯಾಗೂ ಟ್ರಂಕಿನ ತಳಕ್ಕ ಹಳೇದೊಂದು ಚಾವಿ ಕೊಡೋ ವಾಚು ಇರಬಹುದು. ನಮ್ಮ ಮನ್ಯಾಗ ಅವ್ವಂದಿತ್ತು. ಎಚ್.ಎಂ.ಟಿ. ಸುಜಾತಾ, ಎಂಟಾಣೆ ನಾಣ್ಯಕ್ಕಿಂತಾ ಸಣ್ಣ ಮುಖದ್ದು. 1976ರಾಗ ಬಾಲವಾಡಿ ಟೀಚರಾಗಿ ದುಡದ ರೊಕ್ಕದಾಗ ಕೊಂಡದ್ದು. ಅವ್ವ ಹೋದಮ್ಯಾಲೆ ನನ್ನ ಕೈಗೆ ಬಂತು. ಆದ್ರ ಹಿಂದಿನ ಮುಚ್ಚಳ ನಿಲ್ಲವಲ್ದು. ಕೈಗೆ ಕಟ್ಟಿಕೊಂಡ್ರ ಬಿಚ್ಚಿ ಬೀಳ್ತಿತ್ತು.

ಮೊದಲು ಸುಜಾತಾ ಯಾರ ಪೈಕಿ ಅಂತ ಹೇಳ್ತೇನಿ. ಒಂದು ಕಾಲಕ್ಕ ನಮ್ಮ ದೇಶದಾಗ ವಾಚು ಅಂದ್ರ ಸ್ವಿಸ್ ವಾಚು. ವೆಸ್ಟ್ ಎಂಡ್, ಫಾವ್ರೆ ಲೂಬಾ ಅಂತ ಹಿರ್‍ಯಾರು ಹೆಸರು ಹೇಳತಿದ್ರಲ್ಲ, ಅವೆಲ್ಲಾ ಅಲ್ಲಿವು. ಬೆಂಗಳೂರಾಗ 1953ಕ್ಕ ಶುರುವಾದ ಎಚ್.ಎಂ.ಟಿ. ಮೊದಲು ಮಾಡಿದ್ದು ದೊಡ್ಡ ದೊಡ್ಡ ಯಂತ್ರ. 1961ರಾಗ ಜಪಾನಿನ ಸಿಟಿಜನ್ ಕಂಪನಿ ಕೂಡ ಸೇರಿ ಕೈಗಡಿಯಾರ ಮಾಡ್ಲಿಕ್ಕೆ ಹಿಡೀತು. ಮೊದಲ ವಾಚುಗಳನ್ನ ಬಿಡುಗಡೆ ಮಾಡಿದವರು ನೆಹರೂ. ಮುಂದ 1978ರಾಗ ತುಮಕೂರಾಗೂ ಕಾರ್ಖಾನಿ ಆತು. ಗಂಡಸರಿಗೆ ಜನತಾ, ಹೆಂಗಸರಿಗೆ ಸುಜಾತಾ. ಆ ಸಣ್ಣ ಸಣ್ಣ ಚಕ್ರ, ಸ್ಕ್ರೂ ಜೋಡಸೋ ಕೆಲಸದಾಗ ಹೆಣ್ಣಮಕ್ಕಳೂ ಭಾಳ ಮಂದಿ ಇದ್ರು.

1987ರಿಂದ ಟೈಟನ್ನಿನ ಸೆಲ್ಲಿನ ವಾಚು ಬಂದ್ವು. ಚಾವಿ ಕೊಡೋರು ಕಡಿಮಿ ಆದ್ರು. 2016ರಾಗ ಸರ್ಕಾರ ಎಚ್.ಎಂ.ಟಿ. ವಾಚಿನ ಕಂಪನಿ ಮುಚ್ಚೋದಕ್ಕ ಒಪ್ಪಿಗಿ ಕೊಟ್ತು. ತುಮಕೂರಿನ ಆ ಜಾಗಾ ಈಗ ಇಸ್ರೋಕ್ಕ ಹೋಗೇದ.

ಇನ್ನ ಮುಚ್ಚಳದ ಕಥಿ. ಇದು ತಿರುವಿ ಕೂಡಸೋದಲ್ಲ, ಡಬ್ಬಿ ಮುಚ್ಚಳದ ಗತೆ ಒತ್ತಿ ಕೂಡಸೋದು. ನಾನು ಶ್ಯಾಣೇತನಾ ಮಾಡಿ ಕಾಯಿಪಲ್ಲೆ ಹೆಚ್ಚೋ ಚಾಕುಲೇ ಎಬ್ಬಸ್ಲಿಕ್ಕೆ ಹೋಗಿ ಅಂಚು ಸೊಟ್ಟ ಮಾಡಿದ್ದೆ. ತಮ್ಮ "ಅಕ್ಕಾ, ಫೆವಿಕ್ವಿಕ್ ಹಚ್ಚಿ ಬಿಡು, ಜನ್ಮಕ್ಕ ಬಿಚ್ಚಂಗಿಲ್ಲ" ಅಂದ. ಟ್ಯೂಬು ಕೈಯಾಗೂ ತೊಗೊಂಡಿದ್ದೆ. ಯಾಕೋ ಮನಸ್ಸಾಗಲಿಲ್ಲ, ಬಜಾರದಾಗಿನ ಹಳೇ ರಿಪೇರಿ ಅಂಗಡಿಗೆ ಒಯ್ದೆ.

ಅಂವಾ ಅಜ್ಜ, "ಛಲೋ ಮಾಡಿದ್ರಿ ತಾಯಿ" ಅಂದ್ರು. ಅಂಟಿನ ಹಬಿಗೆ ಗಾಜು ಬೆಳ್ಳಗ ಮಂಜಾಗ್ತದಂತ. ಒಳಗ ಹರದ್ರ ಮಷಿನ್ನೇ ಹಾಳಂತ. ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಅಂಚಿನ ಗೆರಿಯೊಳಗ ಗಟ್ಟಿಯಾಗಿ ಕೂತ ಬೆವರಿನ ಜಿಡ್ಡು ಕಟಗಿ ಕಡ್ಡೀಲೆ ತಗದ್ರು. ಅರ್ಧ ಸಡಿಲಕ್ಕ ಆ ಹೊಲಸೇ ಕಾರಣ ಆಗಿರ್ತದಂತ. ಆಮ್ಯಾಲೆ ಮುಚ್ಚಳದಾಗಿನ ಸಣ್ಣ ಕಚ್ಚು ತೋರಿಸಿ, "ಇದು ಚಾವಿ ಕಡ್ಡಿ ಎದುರಿಗೇ ಬರಬೇಕು, ಇಲ್ಲಂದ್ರ ಎಷ್ಟು ಒತ್ತಿದ್ರೂ ಕೂಡಂಗಿಲ್ಲ" ಅಂದ್ರು. ನಾನು ಸೊಟ್ಟ ಮಾಡಿದ ಅಂಚನ್ನ ಕೂದಲೆಳಿಯಷ್ಟು ಹಿಗ್ಗಿಸಿ ಸರಿ ಮಾಡಿದ್ರು. ಕೂಡಸೋಮುಂದ ಹೆಬ್ಬಟ್ಟಿಲೆ ಒತ್ತಬಾರದು, ಸಮ ಭಾರ ಬೀಳದಿದ್ರ ಗಾಜು ಸೀಳ್ತದಂತ. ಅದಕ್ಕ ಬ್ಯಾರೇ ಪ್ರೆಸ್ ಅದ.

ಒತ್ತೋಕಿಂತಾ ಮೊದಲು ಮುಚ್ಚಳದ ಒಳಮೈ ತೋರಿಸಿದ್ರು. ರಿಪೇರಿ ಮಾಡಿದವರು ಸೂಜಿಲೆ ಗೀರಿ ತಾರೀಖು ಬರದಿಡೋದು ರೂಢಿಯಂತ. ಎರಡು ಇದ್ವು. ಒಂದು 1980ರದು. ಅದು ನನಗ ನೆನಪದ. ಇನ್ನೊಂದು 14-11-91.

ನಾ ಅಲ್ಲೇ ಸ್ಟೂಲಿನ ಮ್ಯಾಲೆ ಕೂತಬಿಟ್ಟೆ. ಯಾಕಂದ್ರ, 1982ರಾಗ ತಮ್ಮ ಹುಟ್ಟಿದಾಗ ಅಜ್ಜಿ ಅವ್ವನ ನೌಕರಿ ಬಿಡಿಸಿದ್ರು. ವಾಚು ಟ್ರಂಕು ಸೇರಿತ್ತು. 1991ರ ಮೇ ತಿಂಗಳಾಗ ನನ್ನ ಮದುವಿ. "ಅವ್ವಾ, ಆ ವಾಚರೆ ಕೊಡ" ಅಂತ ಬೇಡಿದ್ದೆ. "ಕೆಟ್ಟು ನಿಂತದವಾ, ಏನು ಮಾಡ್ತಿ" ಅಂದಿದ್ಲು. ಆ ಮಾತು ನನಗ ಇಷ್ಟು ವರ್ಷ ಚುಚ್ಚಿತ್ತು. ನಾ ಹೋದ ಆರು ತಿಂಗಳಿಗೆ ರಿಪೇರಿ ಮಾಡಿಸ್ಯಾಳ!

ತಮ್ಮಗ ಫೋನ್ ಮಾಡಿ ಕೇಳಿದೆ. "ಹೌದಲ್ಲ, ಅದಾ ವರ್ಷ ಅವ್ವ ಓಣಿ ಹುಡುಗ್ಯಾರಿಗೆ ಹೊಲಿಗಿ ಕ್ಲಾಸ್ ಶುರು ಮಾಡಿದ್ಲು. ನಾಕಕ್ಕ ವಾಚು ಕಟ್ಟಿಕೊಂಡು ಕೂಡೋಕಿ, ಐದೂವರಿಗೆ ಬಿಚ್ಚಿ ಇಡೋಕಿ" ಅಂದ. ಹಬ್ಬಕ್ಕ ಬಂದು ಹೋಗತಿದ್ದ ನನಗ ಅದು ಕಂಡೇ ಇರಲಿಲ್ಲ. ಅಂವಗ ಅದೊಂದು ಹೇಳೋ ಸಂಗತಿ ಅಂತನೂ ಅನಿಸಿರಲಿಲ್ಲ.

ಅವ್ವ ನನಗ ಸುಳ್ಳು ಹೇಳಿರಲಿಲ್ಲ. ಆವಾಗ ಅದು ನಿಂತೇ ಇತ್ತು. ತಾ ದುಡದು ಕೊಂಡ ಒಂದೇ ಒಂದು ಒಡವಿ ಮಗಳಿಗೂ ಕೊಡದ ತನಗ ಇಟಗೊಂಡ್ಲು. ಹತ್ತು ವರ್ಷ ಹಿಂದ ತಿಳದಿದ್ರ ಸಿಟ್ಟು ಬರತಿತ್ತೇನೋ. ಈಗ, ಛಲೋ ಮಾಡಿದಿ ಅವ್ವಾ ಅನಸ್ತದ.

ಅಜ್ಜ ಇವತ್ತಿನ ತಾರೀಖು ಗೀರಿ, ಪ್ರೆಸ್ಸಿನಾಗಿಟ್ಟು ಒತ್ತಿದ್ರು. ಟಕ್ ಅಂತು. ದಿನಾ ಮುಂಜಾನೆ ಚಾ ಕುದಿಯೋದ್ರಾಗ ಚಾವಿ ಕೊಡ್ತೇನಿ. ನಿಮ್ಮ ಮನಿ ಹಳೇ ವಾಚಿನ ಮುಚ್ಚಳ ಸಡಿಲಾಗಿದ್ರ ಅಂಟು ಮಾತ್ರ ಹಚ್ಚಬ್ಯಾಡ್ರಿ. ಒಳಗ ಯಾರದೋ ತಾರೀಖು ಇರ್ತದ.